ಮೂತಿ ಮೊದಲೋ, ಬೆನ್ನು ಮೊದಲೋ

ನಮ್ಮ ಆಫೀಸಿನ ಗೇಟು ದಾಟಿ ಒಳಗೆ ಬಂದ ಕೂಡಲೇ ಒಂದು ಬೋರ್ಡಿದೆ. ಇಂಗ್ಲಿಷ್, ಅರಬ್ಬಿ, ಹಿಂದಿ ಮೂರರಲ್ಲೂ ಅದೇ ಮಾತು: ಇಲ್ಲಿ ಗಾಡಿಗಳನ್ನು ಹಿಮ್ಮುಖವಾಗಿಯೇ ನಿಲ್ಲಿಸಬೇಕು. ಅಬುಧಾಬಿಯ ಮುಸಫ್ಫಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ತೈಲಬಾವಿಗಳಿಗೆ ಯಂತ್ರ, ಪೈಪು, ಜನ ಒದಗಿಸುವ ಕಂಪನಿಗಳು ಸಾಲುಸಾಲಾಗಿವೆ. ಅಂಥದ್ದೊಂದರಲ್ಲಿ ನಾನು ಲೆಕ್ಕ ಬರೆಯುವವನು. ಬೆಳಗ್ಗೆ ಏಳೂವರೆಗೆ ಅಂಗಳ ನೋಡಿದರೆ ಅಷ್ಟೂ ಗಾಡಿಗಳು ಒಂದೇ ಕಡೆ ಮೂತಿ ಮಾಡಿ ನಿಂತಿರುತ್ತವೆ, ಪ್ರಾರ್ಥನೆಗೆ ನಿಂತ ಶಾಲಾಮಕ್ಕಳ ಹಾಗೆ. ಯಾರಾದರೂ ಅವಸರದಲ್ಲಿ ಮೂತಿ ಒಳಗೆ ಹಾಕಿ ನಿಲ್ಲಿಸಿದರೋ, ಹತ್ತು ಗಂಟೆಯೊಳಗೆ ಸೇಫ್ಟಿ ಆಫೀಸರ್ ಆ ಗಾಡಿಯ ಫೋಟೋ ತೆಗೆದು ಎಲ್ಲರಿಗೂ ಇಮೇಲ್ ಕಳಿಸಿರುತ್ತಾನೆ. ನಂಬರ್ ಪ್ಲೇಟ್ ಮಾತ್ರ ಮಸುಕು ಮಾಡಿರುತ್ತಾನೆ. ಆದರೂ ಗಾಡಿ ಯಾರದ್ದೆಂದು ಎಲ್ಲರಿಗೂ ಗೊತ್ತು.

ತೈಲದ ಕೆಲಸ ನಡೆಯುವ ಜಾಗಗಳಲ್ಲಿ ಈ ನಿಯಮಕ್ಕೆ ಅರ್ಥವಿದೆ. ಇಲ್ಲಿನ ಕೆಲವು ಬಾವಿಗಳ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಸೋರಿದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಅದು ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ನಿಂತುಹೋಯಿತು ಎಂದು ನೀವು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಸೈರನ್ ಕೂಗಿದಾಗ ನೂರು ಜನ ಒಟ್ಟಿಗೆ ಗಾಡಿಗಳನ್ನು ಹಿಂದಕ್ಕೆ ತೆಗೆಯಲು ಹೊರಟರೆ ಏನಾಗಬಹುದೆಂದು ಯೋಚಿಸಿದವರು ಈ ನಿಯಮ ಮಾಡಿದ್ದಾರೆ. ನಮ್ಮ ಆಫೀಸಿನಲ್ಲಿ ಅನಿಲವೂ ಇಲ್ಲ, ಬಾವಿಯೂ ಇಲ್ಲ. ಅಕೌಂಟ್ಸ್ ವಿಭಾಗದಲ್ಲಿ ಇದುವರೆಗೆ ಆಗಿರುವ ಅತಿ ದೊಡ್ಡ ಅಪಘಾತ ಸ್ಟೇಪ್ಲರ್ ಪಿನ್ನು ಬೆರಳಿಗೆ ಹೊಕ್ಕಿದ್ದು. ಆದರೂ ನಿಯಮ ಎಲ್ಲರಿಗೂ ಒಂದೇ.

ಸಂಜೆ ಐದೂವರೆಗೆ ಗೇಟು ದಾಟಿದ ಮೇಲೆ ಬೇರೆಯದೇ ಕಥೆ. ಅದೇ ಜನ ಶವರ್ಮಾ ಅಂಗಡಿಯ ಮುಂದೆ, ಸೂಪರ್ ಮಾರ್ಕೆಟ್ಟಿನ ಮುಂದೆ, ಮನೆಯ ಬೇಸ್‌ಮೆಂಟಿನಲ್ಲಿ ಮೂತಿ ಒಳಗೆ ಹಾಕಿ ನಿಲ್ಲಿಸುತ್ತಾರೆ. ಫೋಟೋ ತೆಗೆದು ಇಮೇಲ್ ಕಳಿಸುವ ಆ ಸೇಫ್ಟಿ ಆಫೀಸರನ್ನೂ ನಾನು ಒಂದು ಶುಕ್ರವಾರ ಮಾಲ್ ಒಂದರಲ್ಲಿ ಹಾಗೇ ನಿಲ್ಲಿಸಿದ್ದು ಕಂಡಿದ್ದೇನೆ. ಫೋಟೋ ತೆಗೆಯಬೇಕೆಂದು ಕೈ ತುರಿಸಿತು, ತೆಗೆಯಲಿಲ್ಲ. ನಾನೂ ಅವನ ಪಕ್ಕದಲ್ಲೇ ಮೂತಿ ಒಳಗೆ ಹಾಕಿ ನಿಲ್ಲಿಸಿದ್ದೆ.

ಇಷ್ಟಕ್ಕೆಲ್ಲ ಒಂದು ಪ್ರಬಂಧ ಬೇಕೆ ಎಂದು ಊರಿನ ಓದುಗರು ಕೇಳಬಹುದು. ನಮ್ಮಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಕ್ಕಿದರೆ ಸಾಕು, ಮೂತಿ ಯಾವ ಕಡೆ ಎಂದು ಯಾರು ನೋಡುತ್ತಾರೆ? ನಿಜ. ಆದರೆ ನಾನು ಈ ಪ್ರಶ್ನೆಯ ಜೊತೆಗೇ ಬೆಳೆದವನು ಎಂದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಎಷ್ಟೋ ವರ್ಷಗಳ ಮೇಲೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದರು, ಹಾಸನದಲ್ಲಿ. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಬಸ್ಸು ಬಂದು ಪ್ಲಾಟ್‌ಫಾರಂಗೆ ಮೂತಿ ಕೊಟ್ಟು ನಿಲ್ಲುತ್ತದೆ. ಹೊರಡುವಾಗ ಹಿಂದಕ್ಕೆ ತೆಗೆಯಲೇಬೇಕು. ಹಿಂದೆ ಯಾರಿರುತ್ತಾರೆ? ಕಡಲೆಕಾಯಿ ಮಾರುವ ಹುಡುಗ, ಬೇಲೂರು ಬಸ್ಸು ಯಾವುದು ಎಂದು ಹುಡುಕುತ್ತಿರುವ ಅಜ್ಜಿ, ಮೂಟೆ ಹೊತ್ತವರು, ನಾಯಿ, ಇನ್ನೊಂದು ಬಸ್ಸು. ಆದ್ದರಿಂದ ಡ್ರೈವರ್ ತಾನಾಗಿ ಒಂದಂಗುಲವೂ ಹಿಂದೆ ಸರಿಸುತ್ತಿರಲಿಲ್ಲ. ಕಂಡಕ್ಟರ್ ಇಳಿದು ಹಿಂದೆ ಹೋಗಿ ನಿಂತು, ವಿಷಲ್ ಊದಿ, ‘ಬರ್ಲಿ… ಬರ್ಲಿ…’ ಎಂದು ಬಸ್ಸಿನ ಬೆನ್ನು ತಟ್ಟುತ್ತಾ ಕರೆದುಕೊಳ್ಳಬೇಕು. ‘ಹೋಲ್ಡಾನ್’ ಎಂದರೆ ಆ ಕ್ಷಣ ಬ್ರೇಕು. ಚಿಕ್ಕವನಾಗಿದ್ದಾಗ ರಜೆಯಲ್ಲಿ ಅಪ್ಪನ ಬಸ್ಸಿನಲ್ಲಿ ಹೋಗುತ್ತಿದ್ದೆ. ಟಿಕೆಟ್ ಹರಿಯುವುದಕ್ಕಿಂತಲೂ ನನಗೆ ಇಷ್ಟವಾಗುತ್ತಿದ್ದದ್ದು ಈ ಕೆಲಸ. ಅಷ್ಟು ದೊಡ್ಡ ಬಸ್ಸು ಅಪ್ಪನ ಅಂಗೈಯ ಎರಡು ತಟ್ಟಿಗೆ ನಿಲ್ಲುತ್ತಿತ್ತಲ್ಲ!

ಅಂದರೆ ನಮ್ಮಲ್ಲಿ ಮೂತಿ ಒಳಗೆ ಹಾಕಿ ನಿಲ್ಲಿಸುವುದು ಅಪರಾಧವಾಗಿರಲಿಲ್ಲ, ಏಕೆಂದರೆ ಹಿಂದೆ ನೋಡುವುದಕ್ಕೆ ಇನ್ನೊಬ್ಬ ಮನುಷ್ಯ ಇರುತ್ತಿದ್ದ. ಕಾರಿಗೂ ಅಷ್ಟೆ. ಮದುವೆ ಮನೆಯ ಮುಂದೆ ಯಾರಾದರೂ ಕಾರು ಹಿಂದಕ್ಕೆ ತೆಗೆಯಲು ಹೊರಟರೆ ಸಾಕು, ಸಂಬಂಧವೇ ಇಲ್ಲದ ನಾಲ್ಕು ಜನ ಬಂದು ‘ಬರ್ಲಿ ಸಾರ್, ಲೆಫ್ಟ್ ಕಟ್ ಮಾಡಿ, ಬರ್ಲಿ, ಬರ್ಲಿ’ ಎಂದು ಕೂಗುತ್ತಾರೆ. ಒಬ್ಬ ಎಡಕ್ಕೆ ಎಂದರೆ ಇನ್ನೊಬ್ಬ ಬಲಕ್ಕೆ ಎನ್ನುತ್ತಾನೆ, ಕೊನೆಗೆ ಮೋರಿಗೆ ಇಳಿಸುವುದೂ ಉಂಟು. ಆದರೂ ಆ ಗಲಾಟೆಯಲ್ಲಿ ಕಾರಿನ ಹಿಂದೆ ಮಗು ಇದ್ದರೆ ಯಾರಾದರೊಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ.

2006ರಲ್ಲಿ ನಾನು ಇಲ್ಲಿಗೆ ಬಂದಾಗ ಇಲ್ಲಿನ ಲೈಸೆನ್ಸಿಗೆ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ರಸ್ತೆಯ ಬಲಗಡೆ ಗಾಡಿ, ಗಾಡಿಯ ಎಡಗಡೆ ಸ್ಟಿಯರಿಂಗ್. ಹಿಂದೆ ನೋಡಲು ಕುತ್ತಿಗೆಯನ್ನು ಅದುವರೆಗೆ ತಿರುಗಿಸದ ಕಡೆಗೆ ತಿರುಗಿಸಬೇಕು. ಸಿಎ ಫೈನಲ್ ಪರೀಕ್ಷೆಯಲ್ಲಿ ಎರಡು ಗ್ರೂಪನ್ನೂ ಒಟ್ಟಿಗೆ ಪಾಸು ಮಾಡಿದವನು ಗರಾಜ್ ಪಾರ್ಕಿಂಗ್ ಎಂಬ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ಎರಡು ಕಂಬಗಳ ನಡುವೆ ಹಿಮ್ಮುಖವಾಗಿ ಗಾಡಿ ತಂದು ನಿಲ್ಲಿಸುವುದು, ಅಷ್ಟೆ. ಪಕ್ಕದಲ್ಲಿ ಕೂತ ಪರೀಕ್ಷಕ ಒಂದು ಮಾತೂ ಆಡುವುದಿಲ್ಲ. ಆ ಮೌನದಲ್ಲಿ ನನಗೆ ಮೊದಲ ಬಾರಿ ಅನ್ನಿಸಿದ್ದು, ಹಿಂದೆ ಯಾರೂ ಇಲ್ಲ ಎಂದು. ಪರದೇಶದ ಒಂಟಿತನದ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ, ನನಗದು ಅರ್ಥವಾಗಿದ್ದು ರಿವರ್ಸ್ ಗೇರಿನಲ್ಲಿ.

2015ರಲ್ಲಿ ಅಪ್ಪ ಅಮ್ಮ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ಮೊದಲ ದಿನವೇ ಬೇಸ್‌ಮೆಂಟಿನಲ್ಲಿ ನಾನು ಗಾಡಿಯನ್ನು ಹಿಂದಕ್ಕೆ ತೆಗೆಯಲು ಗೇರು ಹಾಕಿದ ಕೂಡಲೇ ಅಪ್ಪ ಬಾಗಿಲು ತೆಗೆದು ಇಳಿದುಬಿಟ್ಟರು. ಹಿಂದೆ ಹೋಗಿ ನಿಂತು ಕೈ ಬೀಸುತ್ತಾ, ‘ಬರ್ಲಿ, ಬರ್ಲಿ’.

ಪಕ್ಕದ ಫ್ಲ್ಯಾಟಿನ ಈಜಿಪ್ಟಿನವರು ಲಿಫ್ಟಿನ ಬಳಿ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

‘ಅಪ್ಪ, ಬನ್ನಿ ಒಳಗೆ. ಗಾಡೀಲಿ ಕ್ಯಾಮೆರಾ ಇದೆ, ಎಲ್ಲಾ ಕಾಣತ್ತೆ.’

‘ಕ್ಯಾಮೆರಾಗೆ ಕೂಗಕ್ಕೆ ಬರತ್ತೇನೋ?’

‘ಪೀಂ ಪೀಂ ಅಂತ ಕೂಗತ್ತೆ. ನೀವು ಕೂತ್ಕೊಳ್ಳಿ.’

ಕೂತರು. ಆದರೆ ಮೂರು ತಿಂಗಳೂ ನಾನು ರಿವರ್ಸ್ ಹಾಕಿದಾಗಲೆಲ್ಲ ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ ಗಾಜಿನಲ್ಲಿ ನೋಡುತ್ತಿದ್ದರು. ಆ ಬೇಸ್‌ಮೆಂಟಿನಲ್ಲಿ ಕಂಬವೊಂದು ಇರುವುದರಿಂದ ಸೆನ್ಸರ್ ಯಾವಾಗಲೂ ಕೂಗುತ್ತಲೇ ಇರುತ್ತದೆ. ಯಾವಾಗಲೂ ಕೂಗುವುದನ್ನು ಕಿವಿ ಕೇಳುವುದಿಲ್ಲ. ಇದು ಆಡಿಟ್ ಮಾಡಿದವರಿಗೆಲ್ಲ ಗೊತ್ತಿರುವ ವಿಷಯ: ಪ್ರತಿವರ್ಷವೂ ಬರುವ ಆಕ್ಷೇಪಣೆಯನ್ನು ಯಾವ ಡೈರೆಕ್ಟರೂ ಓದುವುದಿಲ್ಲ.

ಇನ್ನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. 2018ರ ಡಿಸೆಂಬರ್ ಕೊನೆಯ ವಾರ. ನಮಗೆ ವರ್ಷದ ಲೆಕ್ಕ ಮುಗಿಸುವ ಕಾಲ, ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಬೆಳಗ್ಗೆ ಐದೂವರೆಗೆ ಮತ್ತೆ ಹೊರಟಿದ್ದೆ. ರಾತ್ರಿ ಸುಸ್ತಾಗಿ ಬಂದವನು ಮೂತಿ ಒಳಗೆ ಹಾಕಿ ನಿಲ್ಲಿಸಿ ಹೋಗಿದ್ದೆ. ಇಲ್ಲಿನ ಕಟ್ಟಡಗಳಲ್ಲಿ ಗಾಡಿ ತೊಳೆಯುವ ಹುಡುಗರು ಬೆಳಗಿನ ಜಾವ ಬರುತ್ತಾರೆ. ನಾವೆಲ್ಲ ಏಳುವುದರೊಳಗೆ ಒಂದು ಬಕೆಟ್ ನೀರಿನಲ್ಲಿ ಎಷ್ಟೋ ಗಾಡಿ ಒರೆಸಿ ಮಾಯವಾಗಿರುತ್ತಾರೆ. ಹಾಗಾಗಿ ನಮ್ಮ ಗಾಡಿ ತೊಳೆಯುವವನನ್ನು ನಾನು ನೋಡುತ್ತಿದ್ದದ್ದು ತಿಂಗಳಿಗೊಮ್ಮೆ, 100 ದಿರ್ಹಮ್ ಕೊಡುವಾಗ ಮಾತ್ರ. ಅವತ್ತು ನಾನು ಅವನ ಹೊತ್ತಿಗೆ ಇಳಿದಿದ್ದೆ.

ಲಿಫ್ಟಿನಿಂದ ಗಾಡಿಯ ಬಾಗಿಲವರೆಗೆ ಫೋನಿನಲ್ಲಿ ಮೇಲ್ ನೋಡುತ್ತಾ ಬಂದೆ. ಕೂತೆ. ರಿವರ್ಸ್ ಹಾಕಿದೆ. ಪರದೆಯ ಮೇಲೆ ಬಿಳಿ ಬಿಳಿ. ದೂಳು ಕೂತಿದೆ ಎಂದುಕೊಂಡೆ, ಇಲ್ಲಿ ದೂಳು ಕೂರದ ದಿನವೇ ಇಲ್ಲ. ಸೆನ್ಸರ್ ಕೂಗಿತು, ಅದು ದಿನವೂ ಕೂಗುವಂಥದ್ದು. ಒಂದಡಿ ಹಿಂದೆ ಬಂದಿರಬೇಕು, ಬಕೆಟ್ ಉರುಳಿದ ಸದ್ದಾಯಿತು. ಆಮೇಲೆ ಒಂದು ಕೈ ಗಾಡಿಯ ಬೆನ್ನನ್ನು ದಬದಬ ಬಡಿಯಿತು.

ಅವನು ಹಿಂದೆ ಕುಕ್ಕರುಗಾಲಲ್ಲಿ ಕೂತು ನಂಬರ್ ಪ್ಲೇಟ್ ಉಜ್ಜುತ್ತಿದ್ದ. ಪರದೆಯಲ್ಲಿ ನಾನು ಕಂಡ ಬಿಳುಪು ದೂಳಲ್ಲ, ಅವನು ಕ್ಯಾಮೆರಾದ ಮೇಲೆ ಹಚ್ಚಿದ್ದ ಸೋಪಿನ ನೊರೆ. ನನ್ನ ಕಣ್ಣನ್ನೇ ತೊಳೆಯುತ್ತಿದ್ದವನ ಮೇಲೆ ನಾನು ಗಾಡಿ ಹತ್ತಿಸಲಿದ್ದೆ. ಇಳಿದು ಓಡಿಹೋದಾಗ ಅವನು ಒದ್ದೆ ನೆಲದ ಮೇಲೆ ಕೂತು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ನನಗಿಂತ ಮೊದಲು ಅವನೇ ಮಾತಾಡಿದ: ‘ಕುಛ್ ನಹೀ ಸಾಬ್, ಮೇರೀ ಗಲತೀ.’

ಆಸ್ಪತ್ರೆಗೆ ಹೋಗೋಣ ಎಂದೆ. ಬೇಡ ಎಂದ. ಗಾಯವಾದರೆ ಪೊಲೀಸರಿಗೆ ತಿಳಿಸಬೇಕೆಂಬುದು ಇಲ್ಲಿನ ನಿಯಮ. ಪೊಲೀಸ್ ಎಂಬ ಮಾತು ನನ್ನ ಬಾಯಿಂದ ಬರುವ ಮೊದಲೇ ಅವನು ಎದ್ದು ನಿಂತು ಬಕೆಟ್ ಎತ್ತಿಕೊಂಡ, ಎಡಗೈಯಲ್ಲಿ. ಅವನ ವೀಸಾದಲ್ಲಿ ಯಾವ ಕೆಲಸ ಎಂದು ಬರೆದಿತ್ತೋ, ಅವನು ಯಾರಿಗೆ ಹೆದರುತ್ತಿದ್ದನೋ ನಾನು ಕೇಳಲಿಲ್ಲ. ಕೇಳದೇ ಇರುವುದು ನನಗೂ ಅನುಕೂಲವಾಗಿತ್ತು. ಪರ್ಸಿನಲ್ಲಿದ್ದ 300 ದಿರ್ಹಮ್ ಕೊಟ್ಟೆ. ತೆಗೆದುಕೊಂಡ. ‘ಶುಕ್ರಿಯಾ ಸಾಬ್’ ಎಂದ. ನಾನು ಆಫೀಸಿಗೆ ಹೋದೆ, ಗೇಟಿನ ಒಳಗೆ ಗಾಡಿಯನ್ನು ಅಚ್ಚುಕಟ್ಟಾಗಿ ಹಿಮ್ಮುಖವಾಗಿ ನಿಲ್ಲಿಸಿದೆ. ಆ ತಿಂಗಳು ನಮ್ಮ ಕಂಪನಿ ಒಂದೂ ಅಪಘಾತವಿಲ್ಲದ ವರ್ಷವೆಂದು ಕೇಕ್ ಕತ್ತರಿಸಿತು. ನಾನೂ ತಿಂದೆ.

ನನಗೆ ಮನೆಯ ಖರ್ಚನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಬರೆದಿಡುವ ಚಾಳಿ. ಅವತ್ತು ರಾತ್ರಿ ಆ 300ನ್ನು ಯಾವ ತಲೆಬರಹದ ಕೆಳಗೆ ಹಾಕುವುದೆಂದು ಸ್ವಲ್ಪ ಹೊತ್ತು ಯೋಚಿಸಿದೆ. ವೈದ್ಯಕೀಯ? ದಾನ? ಕೊನೆಗೆ ‘ಕಾರ್ ವಾಶ್’ ಎಂದು ಬರೆದೆ. ಮೂರು ತಿಂಗಳ ಮುಂಗಡದ ಹಾಗೆ ಕಾಣುತ್ತಿತ್ತು. ಇಪ್ಪತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ಇಂಥ ಎಂಟ್ರಿಗಳನ್ನು ಹುಡುಕಿ ಕೆಂಪು ಶಾಯಿಯಲ್ಲಿ ಗೆರೆ ಹಾಕಿದವನು ನಾನು. ಆ ಹಾಳೆಯಲ್ಲಿ ಅದು ಇವತ್ತಿಗೂ ಹಾಗೇ ಇದೆ.

ಒಂದು ವಾರದ ಮೇಲೆ ಬೇರೆ ಹುಡುಗ ಬಂದ. ಹಳಬ ಎಲ್ಲಿ ಎಂದೆ. ಗೊತ್ತಿಲ್ಲ ಎಂದ.

ಅಕೌಂಟ್ಸಿನಲ್ಲಿ ಐಎಎಸ್ 37 ಎಂಬ ಮಾನದಂಡವಿದೆ. ಮುಂದೆ ಬರಬಹುದಾದ ಹೊರೆಗಳನ್ನು ಹೇಗೆ ಬರೆಯಬೇಕೆಂದು ಹೇಳುವಂಥದ್ದು. ನಷ್ಟ ಆಗುವ ಸಂಭವವೇ ಹೆಚ್ಚು ಎನ್ನುವಂತಿದ್ದರೆ ಈಗಲೇ ಅದಕ್ಕೆ ಹಣ ತೆಗೆದಿಟ್ಟು ಲೆಕ್ಕದಲ್ಲಿ ತೋರಿಸಬೇಕು. ಆದರೂ ಆಗಬಹುದು ಎನ್ನುವಂತಿದ್ದರೆ ಟಿಪ್ಪಣಿಯಲ್ಲಿ ಹೇಳಿದರೆ ಸಾಕು. ತೀರಾ ದೂರದ ಮಾತಾದರೆ ಏನನ್ನೂ ಹೇಳಬೇಕಾಗಿಲ್ಲ. ಈ ಮೂರನೆಯದಕ್ಕೆ ‘ರಿಮೋಟ್’ ಎನ್ನುತ್ತಾರೆ. ನಮ್ಮ ಕಸುಬಿನ ಜಾಣತನವೆಲ್ಲ ಇರುವುದು ಯಾವುದನ್ನು ರಿಮೋಟ್ ಎನ್ನಬಹುದು ಎಂಬುದರಲ್ಲಿ. ಪ್ರತಿರಾತ್ರಿ ಮೂತಿ ಒಳಗೆ ಹಾಕಿ ಮೇಲೆ ಹೋಗುವಾಗ ನಾನೂ ಅದನ್ನೇ ಮಾಡುತ್ತಿದ್ದೆ. ಗಾಡಿಯ ಹಿಂದೆ ಯಾರೋ ಒಬ್ಬ ಕೂತಿರಬಹುದು ಎಂಬುದು ರಿಮೋಟ್. ಅದೇ ಹೊತ್ತಿಗೆ ದಿನವೂ ಅಲ್ಲೇ ಕೂರುತ್ತಿದ್ದ ಮನುಷ್ಯ ನನ್ನಿಂದ ಐದಡಿ ದೂರದಲ್ಲಿದ್ದ.

ಅಲ್ಲಿಂದ ಮುಂದೆ ನಾನು ಈ ಪ್ರಶ್ನೆಯನ್ನು ದಿಕ್ಕಿನ ಪ್ರಶ್ನೆ ಎಂದು ನೋಡುವುದನ್ನು ಬಿಟ್ಟು, ಖರ್ಚಿನ ಪ್ರಶ್ನೆ ಎಂದು ನೋಡತೊಡಗಿದೆ. ಗಾಡಿ ನಿಲ್ಲಿಸಿದ ಮೇಲೆ ತೆಗೆಯಲೇಬೇಕು, ಆದ್ದರಿಂದ ಎಲ್ಲೋ ಒಂದು ಕಡೆ ಹಿಮ್ಮುಖವಾಗಿ ಓಡಿಸಲೇಬೇಕು. ಈಗಲೋ, ಆಮೇಲೋ? ಈಗ ಎಂದರೆ, ಈ ಜಾಗದ ಮುಂದೆ ಈಗಷ್ಟೇ ಹಾದುಬಂದಿದ್ದೇನೆ, ಖಾಲಿ ಇರುವುದನ್ನು ಕಣ್ಣಾರೆ ಕಂಡಿದ್ದೇನೆ. ಎರಡು ಕಡೆ ಗಾಡಿ, ಹಿಂದೆ ಗೋಡೆ. ಅಲ್ಲಿ ನಡೆದು ಹೋಗುವವರಿಲ್ಲ. ಆಮೇಲೆ ಎಂದರೆ, ಜನ ನಡೆಯುವ ದಾರಿಗೆ ಬೆನ್ನು ಹಾಕಿ ನುಗ್ಗಬೇಕು. ಎರಡೂ ಪಕ್ಕದಲ್ಲಿ ಲ್ಯಾಂಡ್ ಕ್ರೂಸರ್‌ಗಳು ಗೋಡೆ ಕಟ್ಟಿರುತ್ತವೆ. ನನ್ನ ಕಣ್ಣು ಆ ದಾರಿಯನ್ನು ಕಾಣುವ ಮೊದಲೇ ಗಾಡಿಯ ಅರ್ಧ ಭಾಗ ದಾರಿಯಲ್ಲಿರುತ್ತದೆ. ಈಗ ಮಾಡಿದರೆ ಖರ್ಚಾಗುವುದು ನನ್ನ ಅರ್ಧ ನಿಮಿಷ, ಕುತ್ತಿಗೆಯ ನೋವು, ಎರಡು ಸಲ ಮುಂದೆ ಹಿಂದೆ ಆಡಿಸುವ ಅವಮಾನ. ಆಮೇಲಕ್ಕೆ ಬಿಟ್ಟರೆ ಆ ಖರ್ಚನ್ನು ಯಾರು ಕೊಡುತ್ತಾರೋ ಗೊತ್ತಿಲ್ಲ. ನಾನು ಮಾತ್ರ ಅಲ್ಲ, ಅಷ್ಟು ಗೊತ್ತು.

ಈ ದೇಶದಲ್ಲಿ ಎಚ್ಚರ ತಪ್ಪಿ ಒಬ್ಬರ ಸಾವಿಗೆ ಕಾರಣರಾದವರು ಸತ್ತವರ ಮನೆಯವರಿಗೆ ದಿಯಾ ಎಂಬ ಪರಿಹಾರ ಕೊಡಬೇಕು. ಬಹುಕಾಲದಿಂದ ಅದು 2,00,000 ದಿರ್ಹಮ್. ಸಾಮಾನ್ಯವಾಗಿ ಗಾಡಿಯ ವಿಮೆಯೇ ಅದನ್ನು ಕಟ್ಟುತ್ತದೆ. ಲೆಕ್ಕದವನಿಗೆ ಅಂಕಿ ಕಂಡರೆ ಒಂದು ನೆಮ್ಮದಿ, ಇದನ್ನು ಬರೆಯಬಹುದು, ಕಳೆಯಬಹುದು ಎಂದು. ಆ ಡಿಸೆಂಬರಿನ ನಂತರ ಈ ಅಂಕಿ ಕಂಡಾಗಲೆಲ್ಲ ನನಗೆ ನೆನಪಾಗುವುದು ನಾನು ಕೊಟ್ಟ 300.

ಇದಕ್ಕೆ ಬೇರೆ ರೀತಿಯ ಸಮರ್ಥನೆಯೂ ಇದೆ, ಅದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಶಾವೊಮಿನ್ ಲಿ ಎಂಬ ಪ್ರಾಧ್ಯಾಪಕರು ಕೆಲವು ದೇಶಗಳ ಜನ ಗಾಡಿಯನ್ನು ಹೇಗೆ ನಿಲ್ಲಿಸುತ್ತಾರೆಂದು ಎಣಿಸಿ, ಹಿಮ್ಮುಖವಾಗಿ ನಿಲ್ಲಿಸುವುದು ಇಂದಿನ ಸುಖವನ್ನು ನಾಳೆಗೆ ಇಟ್ಟುಕೊಳ್ಳುವ ಗುಣದ ಗುರುತು, ಅಂಥ ಜನರ ಆರ್ಥಿಕತೆ ಬೆಳೆಯುತ್ತದೆ ಎಂಬ ವಾದ ಮಂಡಿಸಿದ್ದಾರೆ. ಅಮೆರಿಕದವರು ಹೆಚ್ಚಾಗಿ ಮೂತಿ ಮೊದಲು, ಚೀನಾದವರು ಹೆಚ್ಚಾಗಿ ಬೆನ್ನು ಮೊದಲು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಯನ್ನೇ ಅವರು ಪಾರ್ಕಿಂಗ್ ಲಾಟಿನಲ್ಲಿ ಕಂಡಿದ್ದಾರೆ ಎನ್ನಬಹುದು. ಆದರೆ ಇದರಲ್ಲಿ ತಾಳಿದವನೂ ನಾನೇ, ಬಾಳುವವನೂ ನಾನೇ. ಫಿಕ್ಸೆಡ್ ಡಿಪಾಸಿಟ್ಟಿನ ನೀತಿ. ನನ್ನ ತಕರಾರು ಇರುವುದು ಹಿಂದೆ ಕೂತ ಮೂರನೆಯವನ ಬಗ್ಗೆ, ಅವನು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಹಾಗೆಂದು ಬೆನ್ನು ಮೊದಲು ಹಾಕಿದವರೆಲ್ಲ ಸಜ್ಜನರೆಂದು ನಾನು ಹೇಳಲಾರೆ. ಜಪಾನಿನಲ್ಲಿ ಬಹುಪಾಲು ಜನ ಹಿಮ್ಮುಖವಾಗಿಯೇ ನಿಲ್ಲಿಸುತ್ತಾರೆ, ಆದರೆ ಅಲ್ಲಿಯೇ ಕೆಲವು ಕಡೆ ‘ದಯವಿಟ್ಟು ಮೂತಿ ಒಳಗೆ’ ಎಂಬ ಬೋರ್ಡುಗಳಿರುತ್ತವೆ. ಹಿಂದಿನ ಮನೆಯವರ ಕಿಟಕಿಗೆ ಗಾಡಿಯ ಹೊಗೆ ಹೋಗಬಾರದೆಂದು. ಅಮೆರಿಕದ ಹಲವು ರಾಜ್ಯಗಳಲ್ಲಿ ಮುಂದಿನ ನಂಬರ್ ಪ್ಲೇಟು ಕಡ್ಡಾಯವಲ್ಲ, ಆದ್ದರಿಂದ ಕೆಲವು ವಿಶ್ವವಿದ್ಯಾಲಯಗಳ ಪಾರ್ಕಿಂಗಿನಲ್ಲಿ ಹಿಮ್ಮುಖವಾಗಿ ನಿಲ್ಲಿಸಿದರೆ ದಂಡ. ನಂಬರ್ ಓದುವ ಯಂತ್ರಕ್ಕೆ ಹಿಂಭಾಗ ಕಾಣಬೇಕಲ್ಲ! ನಮ್ಮ ಅಂಗಳದಲ್ಲಿ ನಾನು ಪುಣ್ಯವಂತ, ಅಲ್ಲಿ ಹೋಗಿ ಅದನ್ನೇ ಮಾಡಿದರೆ ಅಪರಾಧಿ. ಇನ್ನು ಓರೆಯಾಗಿ ಗೆರೆ ಎಳೆದ ಜಾಗಗಳಿವೆ, ಅಲ್ಲಿ ಹಿಮ್ಮುಖವಾಗಿ ನಿಲ್ಲಿಸಿದರೆ ಹೊರಡುವಾಗ ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೋಗಬೇಕಾಗುತ್ತದೆ. ಹಟ ಹಿಡಿಯುವುದು ಮೂರ್ಖತನ.

ಮನೆಯಂಗಳದ ವಿಷಯ ಇನ್ನೂ ಕಷ್ಟದ್ದು. 2002ರಲ್ಲಿ ನ್ಯೂಯಾರ್ಕ್ ಹತ್ತಿರದ ಮಕ್ಕಳ ವೈದ್ಯರೊಬ್ಬರು ತಮ್ಮ ಮನೆಯ ಮುಂದೆಯೇ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಎರಡು ವರ್ಷದ ಅವರ ಮಗುವೇ ಅದಕ್ಕೆ ಸಿಕ್ಕಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಕಾನೂನು ಬಂತು. ಅದರಿಂದಾಗಿ 2018ರ ಮೇ ತಿಂಗಳಿನಿಂದ ಅಮೆರಿಕದಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಹಿಂದೆ ಕ್ಯಾಮೆರಾ ಕಡ್ಡಾಯ. ಇದನ್ನು ಓದಿದಾಗ ನನ್ನ ವಾದದ ಗಾತ್ರ ಸ್ವಲ್ಪ ಇಳಿಯಿತು. ಮಕ್ಕಳು ಓಡಾಡುವ ಅಂಗಳದಲ್ಲಿ ‘ಈಗಷ್ಟೇ ಖಾಲಿ ಕಂಡ ಜಾಗ’ ಎಂಬುದು ಮರುಕ್ಷಣ ಖಾಲಿ ಇರುವುದಿಲ್ಲ. ಅಲ್ಲಿ ಯಾವ ದಿಕ್ಕೂ ಕಾಪಾಡುವುದಿಲ್ಲ, ಇಳಿದು ನೋಡುವುದೊಂದೇ ದಾರಿ. ಆ ಕಾನೂನು ಜಾರಿಗೆ ಬಂದ ವರ್ಷದಲ್ಲೇ ನಾನು ಕ್ಯಾಮೆರಾ ಇದ್ದ ಗಾಡಿಯಲ್ಲಿ ಕೂತು ನೊರೆಯನ್ನು ದೂಳೆಂದುಕೊಂಡಿದ್ದೆ.

ನನ್ನ ಹೆಂಡತಿಯ ಆಕ್ಷೇಪಣೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಶನಿವಾರ ಲುಲುವಿನಲ್ಲಿ ಸಾಮಾನು ತರಲು ಹೋದಾಗ ನಾನು ಸಾಲಿನಲ್ಲಿ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿಸಲು ಹೊರಡುತ್ತೇನೆ. ಹಿಂದೆ ಐದಾರು ಗಾಡಿ, ಹಾರ್ನ್.

‘ಅಷ್ಟೂ ಜನರ ಟೈಮ್ ಯಾರ ಲೆಕ್ಕಕ್ಕೆ ಬರ್ಕೋತೀರಿ?’ ಎನ್ನುತ್ತಾಳೆ. ‘ಆಮೇಲೆ ಅಕ್ಕಿ ಮೂಟೆ ಡಿಕ್ಕಿಗೆ ಹಾಕೋದು ಹ್ಯಾಗೆ? ಡಿಕ್ಕಿ ಗೋಡೆಗೆ ಅಂಟಿದೆ.’

ಮೈಸೂರಿನವಳು, ಗಣಿತದಲ್ಲಿ ಎಂಎಸ್ಸಿ. ಅವಳ ಲೆಕ್ಕ ತಪ್ಪೆಂದು ಹೇಳಲಾರೆ. ಆರು ಗಾಡಿ, ತಲಾ ಅರ್ಧ ನಿಮಿಷ, ಒಟ್ಟು ಮೂರು ನಿಮಿಷ ಬೇರೆಯವರದ್ದನ್ನು ನಾನು ಖರ್ಚು ಮಾಡಿದೆ. ನನ್ನ ಖರ್ಚನ್ನು ನಾನೇ ಕೊಡುತ್ತೇನೆಂಬ ಜಂಬ ಅಲ್ಲಿ ನಿಲ್ಲುವುದಿಲ್ಲ. ನನ್ನ ಉತ್ತರ ಇಷ್ಟೇ: ಆ ಮೂರು ನಿಮಿಷ ಕಳೆದುಕೊಂಡವರು ನನ್ನನ್ನು ನೋಡುತ್ತಿದ್ದಾರೆ, ಬೈಯುತ್ತಿದ್ದಾರೆ, ಹಾರ್ನ್ ಹೊಡೆಯುತ್ತಿದ್ದಾರೆ. ಅವರ ಹತ್ತಿರ ಹಾರ್ನ್ ಇದೆ. ಗಾಡಿಯ ಹಿಂದೆ ಕೂತವನ ಹತ್ತಿರ ಇದ್ದದ್ದು ಬಕೆಟ್. ಇದನ್ನು ಹೇಳಿದಾಗ ಅವಳು ಸುಮ್ಮನಾದಳು, ಆದರೆ ಅಕ್ಕಿ ಮೂಟೆಯ ಪ್ರಶ್ನೆ ಹಾಗೇ ಉಳಿಯಿತು. ಈಗ ಅಲ್ಲಿ ಮಾತ್ರ ದೂರದ ಮೂಲೆಯಲ್ಲಿ, ಯಾರೂ ಬಾರದ ಕಡೆ ಹೋಗಿ, ಎದುರುಬದುರು ಎರಡು ಖಾಲಿ ಜಾಗ ಹುಡುಕಿ, ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಮೂತಿ ಹೊರಗೆ ಮಾಡಿ ನಿಲ್ಲಿಸುತ್ತೇನೆ. ಹಿಂದಿನ ಜಾಗಕ್ಕೆ ಇನ್ನೊಂದು ಗಾಡಿ ಬಂದು ಅಂಟದಿದ್ದರೆ ಡಿಕ್ಕಿಯೂ ಸಿಗುತ್ತದೆ. ರಿವರ್ಸೂ ಇಲ್ಲ, ಕಾಯಿಸುವುದೂ ಇಲ್ಲ. ಬಿಸಿಲಿನಲ್ಲಿ ಟ್ರಾಲಿ ತಳ್ಳುತ್ತಾ ಅಷ್ಟು ದೂರ ಬರುವುದು ಅವಳ ಪಾಲಿಗೆ. ಅದರ ಬಗ್ಗೆಯೂ ಒಂದು ದಿನ ಮಾತು ಬರುತ್ತದೆ, ಗೊತ್ತು.

ಇನ್ನೊಂದು ಮಾತು ಉಳಿದಿದೆ, ಗೇಟಿನ ಒಳಗಿನ ಸಾಧುತನದ್ದು. ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಅವನು ಮಗು ಬಂದು ಕೇಳಿದರೂ ದೊಡ್ಡವರಿಗೆ ಹಾಕುವ ಬೆಲೆಯನ್ನೇ ಹಾಕುತ್ತಾನೆ. ಆದರೆ ಪ್ರಾಮಾಣಿಕತೆಯ ಮೇಲಿನ ಗೌರವದಿಂದಲ್ಲ, ಹಾಗಿದ್ದರೆ ವ್ಯಾಪಾರ ಚೆನ್ನಾಗಿ ನಡೆಯುತ್ತದೆಂದು. ಅವನು ಮಾಡಿದ್ದು ಸರಿ, ಆದರೆ ಅದಕ್ಕೆ ನೈತಿಕ ಬೆಲೆ ಇಲ್ಲ ಎನ್ನುತ್ತಾನೆ ಕಾಂಟ್. ಬಿಕಾಂ ಓದಿದವನಿಗೆ ತತ್ವಶಾಸ್ತ್ರದಲ್ಲಿ ಅಂಗಡಿಯವನು ಸಿಕ್ಕರೆ ನೆಂಟ ಸಿಕ್ಕ ಹಾಗೆ. ಹನ್ನೆರಡು ವರ್ಷ ಕಂಪನಿಯ ಅಂಗಳದಲ್ಲಿ ಇಮೇಲಿನ ಭಯಕ್ಕೆ ಹಿಮ್ಮುಖವಾಗಿ ನಿಲ್ಲಿಸಿದ ನಾನೇ ಆ ಅಂಗಡಿಯವನು.

ಕಾಂಟ್ ಹೇಳಿದ್ದನ್ನು ಒಪ್ಪಿಕೊಂಡೇ ಒಂದು ಅನುಮಾನ ಇಟ್ಟುಕೊಂಡಿದ್ದೇನೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತವನ ಕಡೆಯಿಂದ ನೋಡಿದರೆ, ಡ್ರೈವರ್ ಭಯಕ್ಕೆ ಮಾಡಿದನೋ ಭಕ್ತಿಗೆ ಮಾಡಿದನೋ ಏನು ವ್ಯತ್ಯಾಸ? ಅವನ ಮಣಿಕಟ್ಟು ನೆಟ್ಟಗಿರುತ್ತಿತ್ತು. ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲೂ ಒಂದು ಬೋರ್ಡು, ಒಬ್ಬ ಕಿರಿಕಿರಿಯ ಸೇಫ್ಟಿ ಆಫೀಸರ್ ಇದ್ದಿದ್ದರೆ ಅವನು ಅವತ್ತು ಬಿದ್ದಿರುತ್ತಿರಲಿಲ್ಲ. ಆದ್ದರಿಂದ ಆ ಇಮೇಲುಗಳನ್ನು ನಾನು ಈಗ ಹಾಸ್ಯ ಮಾಡುವುದಿಲ್ಲ. ಒಳ್ಳೆಯತನ ಹುಟ್ಟುವವರೆಗೂ ಕಾಯುವಷ್ಟು ಹೊತ್ತು ಗಾಡಿಯ ಹಿಂದಿರುವವರಿಗೆ ಇರುವುದಿಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆನೇ? ಹೇಳಿದೆ, ತಡವಾಗಿ. ಎರಡು ವರ್ಷದ ಹಿಂದೆ ಹಾಸನಕ್ಕೆ ಹೋದಾಗ, ಜಗುಲಿಯ ಮೇಲೆ ಕೂತು. ಬೈಯುತ್ತಾರೆಂದುಕೊಂಡಿದ್ದೆ. ‘ಯಾವ ಕೈ?’ ಎಂದು ಕೇಳಿದರು. ಬಲಗೈ ಎಂದೆ. ‘ಒರೆಸೋ ಕೈ’ ಎಂದು ಸುಮ್ಮನಾದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆ ಡಿಸೆಂಬರಿನಿಂದ ನಾನು ಮನೆಯ ಬೇಸ್‌ಮೆಂಟಿನಲ್ಲೂ ಬೆನ್ನು ಮೊದಲು ಹಾಕುತ್ತೇನೆ, ಎಷ್ಟೇ ರಾತ್ರಿಯಾಗಿರಲಿ. ಆದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಹೊಸ ಹುಡುಗ ಬಂದ ಎರಡನೆಯ ತಿಂಗಳೇ ದೂರು ತಂದ. ಗಾಡಿಯ ಹಿಂಭಾಗ ಗೋಡೆಗೆ ಹತ್ತಿರ ಇರುತ್ತದೆ, ನಡುವೆ ಬಕೆಟ್ ಹೋಗುವುದಿಲ್ಲ, ಕೈ ಹೋಗುವುದಿಲ್ಲ. ಹಿಂದಿನ ಗಾಜು ಕೊಳಕಾಗಿದೆ ಎಂದು ಮೇಡಂ ಬೈದರು. ‘ಸಾಬ್, ಸೀಧಾ ಲಗಾಯಿಯೇ’, ನೆಟ್ಟಗೆ ನಿಲ್ಲಿಸಿ. ಯಾರಿಗಾಗಿ ನಾನು ಈ ವ್ರತ ಹಿಡಿದಿದ್ದ ಎಂದುಕೊಂಡಿದ್ದೆನೋ ಅವನಿಗೇ ಅದು ತೊಂದರೆ. ಅವನಿಗೆ ಹಳೆಯ ಕಥೆ ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. 2022ರಿಂದ ಇಲ್ಲಿ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾಗಿದೆ. ಅಂದಿನಿಂದ ಶನಿವಾರ ರಾತ್ರಿ ಮಾತ್ರ ನಾನು ಮೂತಿ ಒಳಗೆ ಹಾಕಿ ನಿಲ್ಲಿಸುತ್ತೇನೆ. ಭಾನುವಾರ ಬೆಳಗ್ಗೆ ಅವನು ಹಿಂಭಾಗವನ್ನು ಪೂರ್ತಿ ತೊಳೆಯುತ್ತಾನೆ, ಕ್ಯಾಮೆರಾವನ್ನೂ. ನಾನು ಎಂಟಕ್ಕೆ ಹಾಲು, ಪೇಪರ್ ತರಲು ಇಳಿಯುತ್ತೇನೆ. ಮೊದಲು ಗಾಡಿಯ ಸುತ್ತ ಒಂದು ಸುತ್ತು ಬರುತ್ತೇನೆ. ಕೆಲವು ಸಲ ಅವನು ಅಲ್ಲೇ ಪಕ್ಕದ ಗಾಡಿ ಒರೆಸುತ್ತಿರುತ್ತಾನೆ. ನಾನು ಸ್ಟಾರ್ಟ್ ಮಾಡಿದ ಸದ್ದು ಕೇಳಿದ ಕೂಡಲೇ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದೆ ಬಂದು ನಿಲ್ಲುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ. ನಾನು ಕಿಟಕಿ ಇಳಿಸುತ್ತೇನೆ. ‘ಆನೇ ದೋ ಸಾಬ್, ಆನೇ ದೋ’ ಎನ್ನುತ್ತಾ ಕೈ ಬೀಸುತ್ತಾನೆ. ಕಂಬದ ಹತ್ತಿರ ಬಂದಾಗ ಗಾಡಿಯ ಬೆನ್ನಿಗೆ ಎರಡು ಸಲ ತಟ್ಟುತ್ತಾನೆ, ನಾನು ಬ್ರೇಕ್ ಒತ್ತುತ್ತೇನೆ.